ಐದು ನಿಮಿಷ ಮುಂದಿನ ಗಡಿಯಾರ

ಅಧ್ಯಕ್ಷರ ಗಡಿಯಾರ ಐದು ನಿಮಿಷ ಮುಂದಿತ್ತು. ಅವರ ಸಂಸ್ಥೆಯಲ್ಲಿ ಯಾವ ಕೆಲಸವೂ ಒಂದು ತಾಸಿಗಿಂತ ಕಡಿಮೆ ತಡವಾಗಿ ಆರಂಭವಾದದ್ದಿಲ್ಲ. ಎರಡೂ ಒಂದೇ ಸೂರಿನ ಕೆಳಗೆ ಸುಖವಾಗಿದ್ದವು.

ಗಡಿಯಾರ ಅವರ ತಂದೆಯ ಹತ್ತಿ ಅಂಗಡಿಯದು. ಹೊತ್ತಿಗಿಂತ ಮುಂದೆ ಇದ್ದವನಿಗೆ ಮೊದಲ ಗಿರಾಕಿ ಸಿಗುತ್ತಾನೆ ಎಂದು ತಂದೆ ಅದನ್ನು ಮುಂದಿಟ್ಟಿದ್ದರಂತೆ. ಮಗ ಗುರುಬಸವಪ್ಪನವರು ಹತ್ತಿಯಿಂದ ಶಿಕ್ಷಣಕ್ಕೆ ಬಂದರು. ಧಾರವಾಡದ ತಮ್ಮ ಹಳೆಯ ಗೋದಾಮಿಗೆ ಸುಣ್ಣ ಬಳಿಸಿ, ಸ್ಟುಡಿಯೋ ಎಂದು ಹೆಸರಿಟ್ಟು, ಗಡಿಯಾರವನ್ನು ಅಲ್ಲಿ ತೂಗುಹಾಕಿದರು. ಅಲ್ಲಿಂದ ಪಾಠ ಹೊರಟು ಹುಬ್ಬಳ್ಳಿಯ ಎರಡು ಕೇಂದ್ರಗಳಲ್ಲಿ ಪರದೆಯ ಮೇಲೆ ಮೂಡಬೇಕು: ಒಂದು ಕಮರಿಪೇಟೆಯಲ್ಲಿ, ಇನ್ನೊಂದು ತಾರಿಹಾಳದ ಕಾರ್ಖಾನೆಗಳ ನಡುವೆ. ಪಾಠ ಹೇಳುವವರು ಧಾರವಾಡದಲ್ಲಿ ಸಿಗುತ್ತಾರೆ, ಕೇಳುವ ದರ್ದು ಇರುವವರು ಹುಬ್ಬಳ್ಳಿಯಲ್ಲಿ ಸಿಗುತ್ತಾರೆ ಎಂಬುದು ಯೋಜನೆಯ ತಿರುಳು. ಇದು ಎರಡು ಸಾವಿರದ ನಾಲ್ಕರ ಮಾತು.

ಯೋಜನೆ ಮಾಡಿದವನು ನನ್ನ ಗಂಡ ಶಶಿಕಾಂತ. ತಂತಿ ಎಳೆಸಿ, ಪ್ರೋಗ್ರಾಮು ಬರೆದು, ಉದ್ಘಾಟನೆಗೆ ಮೊದಲೇ ಬೈಪಾಸ್ ರಸ್ತೆಯಲ್ಲಿ ತೀರಿಕೊಂಡ. ನಾನೂ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದವಳು. ಅಧ್ಯಕ್ಷರು ಮನೆಗೆ ಬಂದು, ಚಹಾ ಕುಡಿದು, ಅವನ ಕೆಲಸವನ್ನು ನನಗೆ ಕೊಟ್ಟರು, ತಾತ್ಕಾಲಿಕವಾಗಿ.

"ಉದ್ಘಾಟನಾ ಛಲೋತ್ನ್ಯಾಗಿ ಆತಂದ್ರ ನೀ ಪರ್ಮನೆಂಟ, ತಂಗಿ," ಅಂದಿದ್ದರು. "ಆಗಲಿಲ್ಲಂದ್ರ ನೀನ ತಿಳಕೋ."

ತಿಳಿದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಕೆಲಸ ಹೋದರೆ ಧಾರವಾಡದ ಬಾಡಿಗೆ ಕೋಣೆ ಬಿಟ್ಟು ಕಮರಿಪೇಟೆಯ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅಡುಗೆಮನೆಯ ಹಿಂದೆ ಒಂದು ಖೋಲಿ ಇದೆ. ನನ್ನ ಅತ್ತಿಗೆ ಸುಕನ್ಯಾ ಆಗಲೇ ಅದನ್ನು ಖಾಲಿ ಮಾಡಿಸಿ, "ನಿನ್ನ ಹಾಸಿಗಿ ಎಷ್ಟ ಅದಾವ, ರಜನಿ?" ಎಂದು ಕೇಳಿದ್ದಳು. ಕೆಟ್ಟವಳಲ್ಲ. ಶಶಿಕಾಂತ ಹೋದಾಗ ನನ್ನ ಪಕ್ಕ ಕುಳಿತವಳು ಅವಳೇ. ಬಂದ ಹೆಂಗಸರಿಗೆಲ್ಲ, "ಇನ್ನೂ ಅಳು ಬಂದಿಲ್ರಿ ಆಕಿಗೆ," ಎಂದು ಹೇಳುತ್ತಿದ್ದಳು, ನವಲಗುಂದದ ಬಸ್ಸು ಬಂದಿಲ್ಲ ಎನ್ನುವ ಹಾಗೆ.

ಉದ್ಘಾಟನೆಗೆ ಒಂದು ವಾರ ಮೊದಲು ತಾರಿಹಾಳದಲ್ಲಿ ತಾಲೀಮು ನಡೆಯಿತು. ಪಂಪಿನ ಬಿಡಿಭಾಗ ಮಾಡುವ ವರ್ಕ್‌ಶಾಪಿನ ಮಾಳಿಗೆಯೇ ನಮ್ಮ ಕೇಂದ್ರ. ಪಾಳಿ ಮುಗಿಸಿ ಬಂದವರು ಎಣ್ಣೆಯ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಹೊರಗಿನಿಂದ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕಟ್ಟಿದವರು ಅವರು. ಮುಂದಿನ ಸಾಲಿನಲ್ಲಿ ಪ್ಯಾಕಿಂಗ್ ವಿಭಾಗದ ಮಾಶಾಬಿ, ಹಿಂದೆ ಲೇತ್ ಮೇಲೆ ಕೆಲಸ ಮಾಡುವ ಬೀರಪ್ಪ. ಧಾರವಾಡದ ಸ್ಟುಡಿಯೋದಲ್ಲಿ ನಿವೃತ್ತ ಗಣಿತದ ಮಾಸ್ತರರಾದ ಹೊಳೆಯಪ್ಪನವರು ಪಾಠ ಆರಂಭಿಸಿದರು.

ಧ್ವನಿ ಬಂತು. ಪರದೆಯ ಮೇಲೆ ಖಾಲಿ ಕುರ್ಚಿ ಇತ್ತು. ಸಮೀಕರಣದ ಎಡಗಡೆ, ಬಲಗಡೆ ಎಂದು ವಿವರಣೆ ಸಾಗಿತ್ತು, ಕುರ್ಚಿ ಅಲುಗದೆ ಕೇಳಿಸಿಕೊಳ್ಳುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾಸ್ತರರು ಚಿತ್ರದೊಳಗೆ ಬಂದು, ಕುಳಿತು, ಗಟಗಟನೆ ನೀರು ಕುಡಿದರು. ಕುಡಿಯುತ್ತಲೇ ಎರಡನೆಯ ಲೆಕ್ಕ ಬಿಡಿಸಿದರು.

"ಅಕ್ಕಾರ, ಮಾಸ್ತರು ನೀರ ನುಂಗಕೋತ ಮಾತಾಡಾಕತ್ತಾರ್ರಿ," ಎಂದಳು ಮಾಶಾಬಿ. "ನಮ್ಮತ್ತಿನೂ ಎಲಿ ಅಡಿಕಿ ಬಾಯಾಗಿಟ್ಟಕೊಂಡ ಬೈತಾಳ್ರಿ. ಆದ್ರ ಆಕಿದು ತಿಳೀತೈತಿ."

"ಸುಮ್ನ ಕುಂದರ," ಎಂದ ಬೀರಪ್ಪ ಹಿಂದಿನಿಂದ. "ನಮ್ಮೂರ ಸಾಲ್ಯಾಗ ಮಾಸ್ತರ ಇರ್ತಿದ್ದ, ಪಾಠ ಇರ್ತಿರಲಿಲ್ಲ. ಇಲ್ಲಿ ಮಾಸ್ತರ ಇಲ್ಲದನ ಪಾಠ ನಡದೈತಿ. ಇದ ಸುಧಾರಣಾ."

ನಾನು ಸ್ಟುಡಿಯೋಗೆ ಫೋನ್ ಮಾಡಿ, ಧ್ವನಿ ನೋಡಿಕೊಳ್ಳುವ ಬಾಳಕೃಷ್ಣನಿಗೆ ಕ್ಯಾಮೆರಾದ ಮುಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಲು ಹೇಳಿದೆ. ಅದು ಶಶಿಕಾಂತನ ರೂಢಿ. ಕೈ ಕೂಡಿದ್ದು ಕಂಡ ಕ್ಷಣವೇ ಸದ್ದು ಕೇಳಬೇಕು. ಸದ್ದು ಕೇಳಿತು. ಕೈ ಕಾಣಲಿಲ್ಲ. ಕೆಳಗಿನಿಂದ ಚಹಾ ಬಂತು, ಎಲ್ಲರೂ ಕುಡಿದು ಲೋಟ ಇಟ್ಟರು. ಆಮೇಲೆ ಪರದೆಯ ಮೇಲೆ ಬಾಳಕೃಷ್ಣ ಬಂದು ನಿಂತು ಸದ್ದಿಲ್ಲದೆ ಕೈ ಕೂಡಿಸಿದ. ನೋಡಿದವರಿಗೆ ನಮಸ್ಕಾರ ಮಾಡಿದ ಹಾಗೆ ಕಂಡಿತು.

"ನಮಸ್ಕಾರ್ರಿ," ಎಂದ ಬೀರಪ್ಪ.

ಇಷ್ಟಕ್ಕೆ ಕಾರಣವೇನೆಂದು ಹೇಳಬೇಕು. ಚಿತ್ರ, ಧ್ವನಿ ಎರಡನ್ನೂ ಒಂದೇ ಕಂಪ್ಯೂಟರು ಕಳಿಸಬಹುದಿತ್ತು. ಆದರೆ ಕಂಪ್ಯೂಟರು ಮಾರುವವರು ಅಧ್ಯಕ್ಷರ ಮನೆತನದಲ್ಲಿ ಇಬ್ಬರಿದ್ದರು, ಅಳಿಯ ಫಕೀರೇಶ ಮತ್ತು ತಂಗಿಯ ಮಗ. ಒಬ್ಬನದನ್ನು ಕೊಂಡರೆ ಇನ್ನೊಬ್ಬನ ಮನೆಯ ಹಬ್ಬದ ಊಟ ತಪ್ಪುತ್ತದೆ. ಹಾಗಾಗಿ ಚಿತ್ರಕ್ಕೆ ಅಳಿಯನ ಕಂಪ್ಯೂಟರು, ಧ್ವನಿಗೆ ತಂಗಿಯ ಮಗನದು. ಎರಡೂ ತಮ್ಮ ತಮ್ಮ ತುಣುಕುಗಳ ಮೇಲೆ ಹೊತ್ತಿನ ಮುದ್ರೆ ಒತ್ತಿ ಕಳಿಸುತ್ತವೆ. ದಾರಿಯಲ್ಲಿ ಅವು ಹಿಂದುಮುಂದಾಗುವುದು ಸಹಜ. ಒಂದೇ ಮದುವೆಗೆ ಬೇರೆ ಬೇರೆ ಬಸ್ಸು ಹತ್ತಿದ ಬೀಗರ ಹಾಗೆ. ಆಚೆ ತುದಿಯ ಕಂಪ್ಯೂಟರು ಬಾಗಿಲಲ್ಲಿ ನಿಂತು, ಮುಂಚೆ ಬಂದದ್ದನ್ನು ಕಾಯಿಸಿ, ಒಂದೇ ಮುದ್ರೆಯ ಜೋಡಿ ಸಿಕ್ಕಾಗ ಒಳಗೆ ಬಿಡುತ್ತದೆ. ಇದು ನಡೆಯಬೇಕಾದರೆ ಮುದ್ರೆ ಒತ್ತುವ ಎರಡೂ ಕಡೆ ಗಡಿಯಾರ ಒಂದೇ ಹೊತ್ತು ತೋರಿಸಬೇಕು. ಅಷ್ಟೇ.

ಮರುದಿನ ಸ್ಟುಡಿಯೋದಲ್ಲಿ ನೋಡಿದೆ. ಬಟ್ಟೆಯ ಪರದೆಯ ಹಿಂದಿನ ಮೂಲೆಯಲ್ಲಿದ್ದ ಧ್ವನಿಯ ಕಂಪ್ಯೂಟರು ಸರಿಯಾದ ಹೊತ್ತು ತೋರಿಸುತ್ತಿತ್ತು, ಯಾರೂ ಅದನ್ನು ಮುಟ್ಟದ ಕಾರಣ. ಅಧ್ಯಕ್ಷರ ಕುರ್ಚಿಯ ಪಕ್ಕದಲ್ಲಿದ್ದ ಚಿತ್ರದ ಕಂಪ್ಯೂಟರು ಐದು ನಿಮಿಷ ಮುಂದಿತ್ತು.

"ಮಾವಾರ ಹೇಳಿದ್ರು," ಎಂದ ಫಕೀರೇಶ. "ಗ್ವಾಡಿ ಮ್ಯಾಲಿನ ಗಡಿಯಾರ ಒಂದ ಹೇಳೂದು, ಕಂಪ್ಯೂಟರ ಒಂದ ಹೇಳೂದು, ನೋಡಿದವರು ಏನಂದಾರು?"

ನಾನು ಅಧ್ಯಕ್ಷರ ಬಳಿಗೆ ಹೋದೆ. "ಕಾಕಾರ, ಕಂಪ್ಯೂಟರಿನ ಟೈಮ ಐದ ಮಿನಿಟ ಹಿಂದ ತರಬೇಕ್ರಿ," ಅಂದೆ.

ಅವರು ವಿಭೂತಿಯ ಹಣೆ ಗಂಟಿಕ್ಕಿದರು. "ಹಿಂದ? ಗಡಿಯಾರ ಹಿಂದಕ್ಕ ತಿರುವಬಾರದವಾ. ನಮ್ಮಪ್ಪ ಒಮ್ಮಿ ಯಾರದೋ ಮಾತ ಕೇಳಿ ತಿರುವಿದ್ದ. ಆ ವರ್ಷ ಗೋದಾಮಿಗೆ ಬೆಂಕಿ ಬಿತ್ತು."

"ಇದು ಗ್ವಾಡಿ ಗಡಿಯಾರ ಅಲ್ರಿ, ಕಂಪ್ಯೂಟರಿನ ಒಳಗಿಂದು."

"ಒಳಗಿಂದಿದ್ರೂ ಹೊತ್ತ ಹೊತ್ತ ಹೌದಲ್ಲೊ? ನಿನ್ನ ಎಂ.ಎಸ್ಸಿ.ದಾಗ ಹಿಂಗ ಹಿಂದ ಹೋಗೂದ ಕಲಿಸ್ಯಾರೇನು?"

ಗೋಡೆಯ ಮೇಲಿನ ಗಡಿಯಾರ ನೋಡಿದೆ. ಸುಳ್ಳು ಹೇಳುವುದರಲ್ಲಿ ಅದರಷ್ಟು ನಿಯಮ ಪಾಲಿಸುವುದು ಆ ಕಟ್ಟಡದಲ್ಲಿ ಬೇರೆ ಯಾವುದೂ ಇರಲಿಲ್ಲ. ಆಗ ಹೊಳೆಯಿತು. ಜೋಡಿ ಕೂಡಲು ಹೊತ್ತು ಖರೇ ಇರಬೇಕಾಗಿಲ್ಲ, ಒಂದೇ ಇದ್ದರೆ ಸಾಕು.

"ಹಂಗಾರ ದನಿ ಕಂಪ್ಯೂಟರಿಂದೂ ಐದ ಮಿನಿಟ ಮುಂದ ಇಡತೇನ್ರಿ."

ಅವರ ಮುಖ ಅರಳಿತು. "ಅಂದ್ರ ಎಲ್ಲಾ ನಮ್ಮ ಹೊತ್ತಿಗೇ ನಡೀತೈತಿ?"

"ಹೌದ್ರಿ."

"ಹುಬ್ಬಳ್ಳ್ಯಾಗೂ?"

"ಅಲ್ಲೀನೂ ನಿಮ್ಮ ಹೊತ್ತ ನೋಡೇ ಜೋಡಿ ಕೂಡಸ್ತೈತ್ರಿ."

"ನೋಡು, ಇದನ್ನ ಮೊದಲ ಹೇಳಬೇಕಿಲ್ಲೊ," ಎಂದು ನನ್ನ ದಡ್ಡತನವನ್ನು ಕ್ಷಮಿಸಿದರು.

ಎರಡು ಗಡಿಯಾರಗಳನ್ನು ಒಮ್ಮೆ ಕೂಡಿಸಿಟ್ಟರೂ ದಿನ ಹೋದಂತೆ ಅವು ಕೂದಲೆಳೆಯಷ್ಟು ಬೇರೆಯಾಗುತ್ತವೆ. ಅದಕ್ಕೂ ಶಶಿಕಾಂತ ಒಂದು ಪ್ರೋಗ್ರಾಮು ಬರೆದಿಟ್ಟಿದ್ದ. ಧ್ವನಿಯ ಕಂಪ್ಯೂಟರು ಆಗಾಗ ಚಿತ್ರದ ಕಂಪ್ಯೂಟರಿಗೆ ಹೊತ್ತೆಷ್ಟು ಎಂದು ಕೇಳುತ್ತದೆ. ಕೇಳಿ ಉತ್ತರ ಬರುವವರೆಗೆ ಎಷ್ಟು ಹಿಡಿಯಿತೋ ಅದರ ಅರ್ಧವನ್ನು ದಾರಿಯ ಖರ್ಚೆಂದು ಕೂಡಿಸಿ ತನ್ನನ್ನು ತಿದ್ದಿಕೊಳ್ಳುತ್ತದೆ. ಆದರೆ ವ್ಯತ್ಯಾಸ ತೀರ ದೊಡ್ಡದಾಗಿದ್ದರೆ ಉತ್ತರವನ್ನು ನಂಬುವುದಿಲ್ಲ, ತನ್ನ ಪಾಡಿಗೆ ತಾನು ನಡೆಯುತ್ತದೆ. ಬುದ್ಧಿ ನೆಟ್ಟಗಿರುವ ಯಾರೂ ನಡೆಯುತ್ತಿರುವ ಗಡಿಯಾರವನ್ನು ಹತ್ತಿಪ್ಪತ್ತು ನಿಮಿಷ ತಿರುವುವುದಿಲ್ಲ ಎಂದು ಅವನು ಎಣಿಸಿದ್ದ. ಮನುಷ್ಯರ ಬಗ್ಗೆ ಅವನ ಅಭಿಪ್ರಾಯ ಯಾವಾಗಲೂ ಒಳ್ಳೆಯದೇ ಇತ್ತು.

ಪ್ರೋಗ್ರಾಮು ಚಾಲೂ ಮಾಡಿದೆ. ಬಾಳಕೃಷ್ಣ ಚಪ್ಪಾಳೆ ತಟ್ಟಿದ. ತಾರಿಹಾಳದಲ್ಲಿ ಕೈಯೂ ಸದ್ದೂ ಒಟ್ಟಿಗೆ ಬಂದವು. ಎಲ್ಲ ಗಡಿಯಾರಗಳೂ ಕೂಡಿ ತಪ್ಪಿದ್ದರಿಂದ ಎಲ್ಲವೂ ಸರಿಯಾಯಿತು. ನಮ್ಮ ಅನೇಕ ಸಂಸ್ಥೆಗಳು ನಡೆಯುವುದು ಹೀಗೆಯೇ ಇರಬೇಕು.

ಉದ್ಘಾಟನೆ ಶುಕ್ರವಾರ ಮುಂಜಾನೆ. ಆ ದಿನ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅದರೊಳಗೆ ದೀಪ ಹತ್ತಬೇಕು. ಬೆಂಗಳೂರಿನಿಂದ ಒಬ್ಬ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ಇನ್ನೂ ಹತ್ತಾರು ಊರುಗಳಿಗೆ ಕೇಂದ್ರ ಸಿಗುತ್ತದೆ. ನನ್ನನ್ನು ತಾರಿಹಾಳಕ್ಕೆ ಕಳಿಸಿದರು. ಮಂಗಳಕಾರ್ಯದ ವೇದಿಕೆಯ ಸುತ್ತಮುತ್ತ ನಾನು ಓಡಾಡುವುದು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಅಲ್ಲಿ ಒಬ್ಬರು ಜವಾಬ್ದಾರಿ ಇದ್ದವರು ಬೇಕಲ್ಲ, ತಂಗಿ," ಅಂದರು ಅಧ್ಯಕ್ಷರು.

ಸಾಹೇಬರು ತಡವಾಗಿ ಬಂದರು. ನಡೆದದ್ದನ್ನು ಬಾಳಕೃಷ್ಣ ಆಮೇಲೆ ಹೇಳಿದ. ಅವರ ಕಾರು ಅಂಗಳಕ್ಕೆ ಬರುವಾಗ ಗೋಡೆಯ ಗಡಿಯಾರದಲ್ಲಿ ಹತ್ತೂವರೆ ದಾಟಿ ಹೋಗಿತ್ತು. ಅಧ್ಯಕ್ಷರು ಒಂದು ಕ್ಷಣ ಗಡಿಯಾರ ನೋಡಿದರು. ಆಮೇಲೆ ತಾವೇ ಸ್ಟೂಲು ಹತ್ತಿ, ಕೈಯಾರೆ ಮುಳ್ಳನ್ನು ಹಿಂದಕ್ಕೆ ತಿರುವಿದರು. ಭಾಷಣಕ್ಕೂ ಇರಲೆಂದು ಸ್ವಲ್ಪ ಧಾರಾಳವಾಗಿಯೇ, ಇಪ್ಪತ್ತು ನಿಮಿಷ. ಗೋದಾಮಿಗೆ ಬಿದ್ದ ಬೆಂಕಿಯ ನೆನಪು ಆಗ ಬರಲಿಲ್ಲ. ಮಾವನ ಮನಸ್ಸರಿತ ಫಕೀರೇಶ ಓಡಿಹೋಗಿ ಚಿತ್ರದ ಕಂಪ್ಯೂಟರನ್ನೂ ಇಪ್ಪತ್ತು ನಿಮಿಷ ಹಿಂದಕ್ಕೆ ತಂದ. ಮೂಲೆಯ ಧ್ವನಿಯ ಕಂಪ್ಯೂಟರು ಹೊತ್ತೆಷ್ಟೆಂದು ಕೇಳಿತು, ಉತ್ತರ ಕೇಳಿತು, ನಂಬಲಿಲ್ಲ. ಆಮೇಲೆ ಫಕೀರೇಶ ಗುಂಡಿ ಒತ್ತಿ ಪ್ರಸಾರ ಆರಂಭಿಸಿದ.

ತಾರಿಹಾಳದಲ್ಲಿ ನಮಗೆ ಕಂಡದ್ದು ಇಷ್ಟು. ಸಾಹೇಬರು ಬಂದರು, ಅಧ್ಯಕ್ಷರು ಹಾರ ಹಾಕಿದರು, ಇಬ್ಬರೂ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ತಲೆ ಕೂಡಿಸಿ ಮಾತಾಡಿದರು, ದೀಪ ಹತ್ತಿತು. ಒಂದಕ್ಕೂ ಧ್ವನಿ ಇಲ್ಲ.

ನಾನು ಫೋನ್ ತಿರುಗಿಸಿದೆ. ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಫೋನು, ಎಂಗೇಜ್. ಮತ್ತೆ ತಿರುಗಿಸಿದೆ, ಮತ್ತೆ ಎಂಗೇಜ್. ಪ್ರಸಾರ ಹೇಗೆ ಬರುತ್ತಿದೆ ನೋಡಿರೆಂದು ಯಾರೋ ಊರಿಗೆಲ್ಲ ಫೋನ್ ಮಾಡುತ್ತಿದ್ದರು.

"ಅಕ್ಕಾರ, ದನಿ ಸಣ್ಣದ ಐತೇನೋ," ಎನ್ನುತ್ತ ಮಾಶಾಬಿ ಎದ್ದು ಸ್ಪೀಕರಿನ ಗುಂಡಿಯನ್ನು ಕಡೆಯವರೆಗೆ ತಿರುವಿದಳು. ಏನೂ ಬರಲಿಲ್ಲ.

"ದೀಪಾ ಹಚ್ಚಿದ್ರು, ಪ್ರಾರ್ಥನಾ ಮುಗೀತು," ಎಂದ ಬೀರಪ್ಪ. "ಮೂಕಿ ಸಿನಿಮಾ ಫುಕಟ ತೋರಸಾಕತ್ತಾರ, ನೋಡ್ರಿ."

ನನ್ನ ಕಣ್ಣ ಮುಂದೆ ಅಡುಗೆಮನೆಯ ಹಿಂದಿನ ಖೋಲಿ ಬಂತು. ಕಿಟಕಿ ಇಲ್ಲ, ಮೇಲೆ ಒಂದು ಗಾಜಿನ ಹಂಚು ಇದೆ. ಹಾಸಿಗೆ ಎರಡು.

ಅಷ್ಟರಲ್ಲಿ ಪರದೆಯ ಮೇಲೆ ಅಧ್ಯಕ್ಷರು ಎದ್ದು ನಿಂತು ಏನೋ ಹೇಳಿದರು. ಎಲ್ಲರೂ ಎದ್ದರು, ತಲೆ ತಗ್ಗಿಸಿದರು. ಮೌನಾಚರಣೆ, ಶಶಿಕಾಂತನಿಗಾಗಿ. ಅದು ಕಾರ್ಯಕ್ರಮದಲ್ಲಿ ಇರುವುದು ನನಗೆ ಗೊತ್ತಿತ್ತು. ಮಾಶಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಳು. ಬೀರಪ್ಪ ಟೊಪ್ಪಿಗೆ ತೆಗೆದ. ಮಾಳಿಗೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಪರದೆಯ ಮೇಲೆ ಅಧ್ಯಕ್ಷರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು.

ಆಗ ಧ್ವನಿ ಬಂತು, ಇಪ್ಪತ್ತು ನಿಮಿಷ ಹಿಂದಿನದು, ಗುಂಡಿ ಕಡೆಯವರೆಗೆ ತಿರುಗಿದ ಸ್ಪೀಕರಿನಿಂದ.

"ಬರ್ರಿ ಸಾಹೇಬ್ರ, ಕೂಡ್ರಿ, ಕೂಡ್ರಿ. ಫ್ಯಾನ ಜೋರ ಮಾಡ್ಸಲೇನ್ರಿ?" ಅಧ್ಯಕ್ಷರ ಧ್ವನಿ. ಮೈಕು ಅವರ ಕಾಲರಿನಲ್ಲಿತ್ತು.

"ಪರವಾಗಿಲ್ಲ. ಚೆನ್ನಾಗಿ ಮಾಡಿದ್ದೀರಿ. ಇದೆಲ್ಲ ಮಾಡಿದ ಇಂಜಿನಿಯರ್ ಯಾರು?"

"ಅಂವ ತೀರಿಕೊಂಡಾನ್ರಿ. ಈಗ ಅವನ ಹೆಣ್ತಿ ನೋಡಕೋತಾಳ. ಪಾಪ ಅಂತ ಇಟಗೊಂಡೇವಿ. ಇವತ್ತಿನ ಗದ್ದಲ ಮುಗೀಲಿ, ನಾಳಿಂದ ನಮ್ಮ ಅಳಿಯಾರ ತಮ್ಮ ಬರ್ತಾನ್ರಿ. ಖಾತ್ರಿ ಹುಡುಗ."

"ಆಕೆಗೆ ಹೇಳಿದ್ದೀರಾ?"

"ಹೇಳಿದ್ರ ಇವತ್ತ ಮನಸಿಟ್ಟ ದುಡೀತಾಳೇನ್ರಿ?" ಇಬ್ಬರ ನಗು. "ಉಪ್ಪಿಟ್ಟಿಗೆ ಗ್ವಾಡಂಬಿ ಹಾಕ್ಸೇನ್ರಿ. ತಿಂದ ಹೋಗಬೇಕ ನೋಡ್ರಿ ಮತ್ತ."

ಪರದೆಯ ಮೇಲೆ ಅವರ ತಲೆ ಇನ್ನೂ ತಗ್ಗಿಯೇ ಇತ್ತು. ತುಟಿ ಅಲುಗಲಿಲ್ಲ. ನಿಜವಾಗಿಯೂ ದುಃಖದಲ್ಲಿರುವವರ ಹಾಗೆ ಕಂಡರು. ಒಂದು ನಿಮಿಷದ ಮಟ್ಟಿಗೆ ಇದ್ದರೋ ಏನೋ.

ಕೈಯಲ್ಲಿದ್ದ ಫೋನನ್ನು ಮತ್ತೆ ತಿರುಗಿಸಿದೆ, ಈ ಸಲ ಕೂಡಿತು. "ಅಕ್ಕಾರ, ಏನರ ತ್ರಾಸ ಐತೇನ್ರಿ?" ಎಂದ ಬಾಳಕೃಷ್ಣ ಪಿಸುಧ್ವನಿಯಲ್ಲಿ. "ಮಾವ, ಅಳಿಯ ಇಬ್ಬರೂ ಗಡಿಯಾರ ಹಿಂದಕ್ಕ ತಿರುವ್ಯಾರ. ನನ್ನ ಕಂಪ್ಯೂಟರಿಂದೂ ತಿರುವಲ್ಯಾ? ಈಗ ತಿರುವಿದ್ರ ಕೂಡತೈತಿ."

ಕೂಡುತ್ತಿತ್ತು. ಅವನು ತಿರುವಿದರೆ ಕಾದು ನಿಂತ ಹಳೆಯ ಧ್ವನಿಯೆಲ್ಲ ಬಿದ್ದುಹೋಗಿ, ಮೌನಕ್ಕೆ ಮೌನ ಬಂದು ಕೂಡುತ್ತಿತ್ತು. ಅದೇ ನನ್ನ ಕೆಲಸ. ಸ್ಪೀಕರಿನಲ್ಲಿ ಅಧ್ಯಕ್ಷರು ಅಳಿಯನ ತಮ್ಮನಿಗೆ ಧಾರವಾಡದಲ್ಲಿ ಮನೆ ನೋಡಿದ್ದರ ಬಗ್ಗೆ ಹೇಳುತ್ತಿದ್ದರು.

"ಏನೂ ಬ್ಯಾಡ, ಬಾಳಕೃಷ್ಣ," ಅಂದೆ. "ಎಲ್ಲಾ ಸ್ವಚ್ಛ ಕೇಳಾಕತ್ತೈತಿ."

ಮೌನ ಮುಗಿಯಿತು. ತಾರಿಹಾಳದಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ.

"ಅಕ್ಕಾರ," ಎಂದಳು ಮಾಶಾಬಿ, ಸೆರಗು ಹಿಂದಕ್ಕೆ ಸರಿಸುತ್ತ, "ಉಪ್ಪಿಟ್ಟ ನಮಗೂ ಐತೇನ್ರಿ?"

ಮರುದಿನ ಹತ್ತಕ್ಕೆ, ಅಂದರೆ ಅಧ್ಯಕ್ಷರ ಹತ್ತಕ್ಕೆ, ಕರೆ ಬಂತು. ನಾನು ಹೋದಾಗ ಜಗಲಿಯ ಮೇಲೆ ಆಗಲೇ ಚಪ್ಪಲಿಗಳ ರಾಶಿ ಇತ್ತು. ಮಾಶಾಬಿ, ಬೀರಪ್ಪ, ಪಾಳಿ ಬಿಟ್ಟು ತಾರಿಹಾಳದಿಂದ ಬಸ್ಸಿಗೆ ಬಂದ ಇನ್ನೂ ಏಳೆಂಟು ಜನ. ಒಳಗೆ ಅಧ್ಯಕ್ಷರು, ಫಕೀರೇಶ, ಗೋಡೆಯ ಗಡಿಯಾರ.

"ಕಮರಿಪ್ಯಾಟ್ಯಾಗೂ ಕೇಳೇತಂತ," ಎಂದರು ಅಧ್ಯಕ್ಷರು, ನನ್ನ ಕಡೆ ನೋಡದೆ. "ನಾ ಅಂಥಾ ಮಾತ ಆಡೇ ಇಲ್ಲ."

"ಟೆಕ್ನಿಕಲ್ ಫಾಲ್ಟ್ ಅಂತ ಹೇಳಿ ಬಿಡೂನ್ರಿ, ಮಾವಾರ," ಎಂದ ಫಕೀರೇಶ.

"ಹೇಳಬಹುದ್ರಿ," ಅಂದೆ ನಾನು. "ಬೆಂಗಳೂರ ಸಾಹೇಬ್ರಿಗೂ ಹಂಗ ಹೇಳಬೇಕಾಕ್ಕೈತಿ. ಪ್ರಸಾರ ಛಲೋ ಆತಂತ ಅವರು ನಿನ್ನೆ ಭಾಷಣದಾಗ ಹೊಗಳ್ಯಾರ. ಫಾಲ್ಟ್ ಇದ್ದದ್ದಕ್ಕ ಇನ್ನ ಕೇಂದ್ರ ಕೊಡ್ತಾರೋ ಇಲ್ಲೋ."

ಅಧ್ಯಕ್ಷರು ಅಳಿಯನ ಮುಖ ನೋಡಿದರು. "ಫಾಲ್ಟ್ ಇರಲಿಲ್ಲ," ಎಂದರು.

"ಇರಲಿಲ್ಲಂದ್ರ ದನಿ ನಿಮ್ಮದ ಆಗ್ತೈತ್ರಿ."

ಜಗಲಿಯಿಂದ ಬೀರಪ್ಪ ಕೆಮ್ಮಿದ. ಹೊಗೆಸೊಪ್ಪಿನ ಕೆಮ್ಮಲ್ಲ, ಇದ್ದೇನೆ ಎಂದು ತಿಳಿಸುವ ಕೆಮ್ಮು.

ಅಧ್ಯಕ್ಷರು ಬಹಳ ಹೊತ್ತು ಯೋಚಿಸಿದರು. ಹತ್ತಿ ವ್ಯಾಪಾರದಲ್ಲಿ ಪಳಗಿದ ತಲೆ, ಕೊನೆಗೆ ದಾರಿ ಸಿಕ್ಕಿತು. ಜಗಲಿಗೆ ಕೇಳುವಷ್ಟು ಧ್ವನಿ ಎತ್ತಿ ಕೇಳಿದರು, "ತಂಗಿ, ನಾ ಖರೇನ ಅಂಥಾ ಮಾತ ಆಡಿದ್ರ ಇವತ್ತ ನೀ ಈ ಕೆಲಸದಾಗ ಇರ್ತಿದ್ದೇನು?"

"ಇರ್ತಿರಲಿಲ್ರಿ."

"ಈಗ ಕೆಲಸದಾಗ ಅದೀ ಇಲ್ಲೊ?"

"ಅದೀನ್ರಿ. ಟೆಂಪರರಿ."

ಹೊರಗೆ ಬೀರಪ್ಪ ಮತ್ತೆ ಕೆಮ್ಮಿದ. ಈ ಸಲ ಮಾಶಾಬಿಯೂ ಕೆಮ್ಮಿದಳು.

"ಏನ ಟೆಂಪರರಿ?" ಎಂದು ಅಧ್ಯಕ್ಷರು ಅಳಿಯನ ಮೇಲೆ ಹರಿಹಾಯ್ದರು. "ಇಕಿನ್ನ ಇನ್ನೂ ಟೆಂಪರರಿ ಇಟ್ಟೀಯೇನು? ಅದಕ್ಕ ನೋಡು ಮಂದಿ ಏನೇನರ ಕೇಳಿಸ್ಕೊಂತಾರ. ಇವತ್ತ ಪರ್ಮನೆಂಟ ಮಾಡಿ ಆರ್ಡರ ಕೊಡು."

"ಮತ್ತ ನಮ್ಮ ತಮ್ಮಗ ನೋಡಿದ ಮನಿ…" ಎಂದ ಫಕೀರೇಶ. ಮಾವನ ಕಣ್ಣು ಕಂಡು ಮಾತು ಅಲ್ಲಿಗೇ ನಿಂತಿತು.

ಹೀಗೆ, ತಾವು ಆಡಿದ ಮಾತು ಸುಳ್ಳೆಂದು ತೋರಿಸಲು ಅವರು ತಮ್ಮ ಹಳೆಯ ಮಾತನ್ನು ಉಳಿಸಿಕೊಳ್ಳಬೇಕಾಯಿತು. ಉದ್ಘಾಟನೆ ಛಲೋತ್ನ್ಯಾಗಿ ಆದರೆ ಪರ್ಮನೆಂಟ್ ಎಂದಿದ್ದರು. ಛಲೋತ್ನ್ಯಾಗಿಯೇ ಆಗಿದೆ ಎಂದು ಈಗ ಊರಿಗೆಲ್ಲ ಹೇಳುತ್ತಿರುವವರು ಅವರೇ.

ನಾನು ಹೊರಡುವಾಗ ಅವರು ಸ್ಟೂಲು ತರಿಸಿ ಗಡಿಯಾರವನ್ನು ಮತ್ತೆ ಐದು ನಿಮಿಷ ಮುಂದಕ್ಕೆ ಇಡಿಸುತ್ತಿದ್ದರು. "ಗಡಿಯಾರ ಹಿಂದಕ್ಕ ತಿರುವಬಾರದು ಅಂತ ಹಿರಿಯರು ಸುಮ್ನ ಹೇಳಿಲ್ಲ," ಎಂದರು. "ತಿರುವಿದ್ದರ ಫಲ ನೋಡಿದ್ವೆಲ್ಲೊ?"

"ಖರೇರಿ, ಕಾಕಾರ," ಅಂದೆ. ಅವರ ನಂಬಿಕೆಯೂ ನನ್ನ ಓದೂ ಒಂದೇ ಕಾರಣ ಹೇಳಿದ್ದು ಆ ಒಂದು ಸಲ ಮಾತ್ರ.

ಸಂಜೆ ಸುಕನ್ಯಾ ವೈನಿಯ ಫೋನ್ ಬಂತು. ಕಮರಿಪೇಟೆಯ ಕೇಂದ್ರದಲ್ಲಿ ಅವಳೂ ಕುಳಿತು ಕೇಳಿದ್ದಳು. ಅಧ್ಯಕ್ಷರನ್ನು ಮನಸಾರೆ ಬಯ್ದಳು. ಆಮೇಲೆ, "ಮೌನ ಆಚರಣಿದಾಗ ನಿನಗ ಅಳು ಬಂತೇನ?" ಎಂದು ಕೇಳಿದಳು.

"ಇಲ್ಲ."

"ಹಂಗಾರ ಇನ್ನ ನೀ ಇಲ್ಲಿಗೆ ಬರೂದಿಲ್ಲ?"

"ಇಲ್ಲ, ವೈನಿ."

"ಆ ಖೋಲ್ಯಾಗ ಜ್ವಾಳದ ಚೀಲಾ ಇಡಸ್ಲ್ಯಾ?"

"ಇಡಸ್ರಿ," ಅಂದೆ.